ಎಡಗಡೆಯ ರಿಪೇರಿ

“ಲೈಟು ಯಾಕೆ ಆರಿಸಿದ್ರಿ ಡಾಕ್ಟ್ರೇ?” ಎಂದು ಅವಳು ಕೇಳಿದಳು.

ಯಾರೂ ಲೈಟು ಆರಿಸಿರಲಿಲ್ಲ. ಟೂರ್ನಮೆಂಟಿನ ಡಾಕ್ಟರಮ್ಮ ಅವಳ ಬಲಗಣ್ಣಿನ ಮೇಲೆ ಚಮಚದ ಆಕಾರದ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇಟ್ಟಿದ್ದರು, ಅಷ್ಟೇ. ಎದುರು ಗೋಡೆಯಲ್ಲಿ ಅಕ್ಷರಗಳ ಹಲಗೆ ತನ್ನ ಪಾಡಿಗೆ ತಾನು ಬೆಳಗುತ್ತಿತ್ತು. ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಬಾಗಿಲಿಗೆ ಒರಗಿ ನಿಂತಿದ್ದ ಅವಳ ಅಣ್ಣ, ತಂಗಿ ಎಂದಿನ ಹಾಗೆ ಕುಚೋದ್ಯ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೇಬಿಟ್ಟ.

“ತಮಾಷೆ ಸಾಕು, ಓದು. ಹಿಂದೆ ಇನ್ನೂ ನಾಲ್ಕು ದೇಶದವರು ಸಾಲಲ್ಲಿ ನಿಂತಿದಾರೆ.”

“ಏನು ಓದ್ಲಿ? ಕತ್ತಲೆ ಇದೆಯಲ್ಲೋ.”

ಡಾಕ್ಟರಮ್ಮ ಮುಚ್ಚಳ ತೆಗೆದರು. ಹಲಗೆ ಬಂತು, ಅಕ್ಷರ ಬಂತು, ಕಿಟಕಿ ಬಂತು, ಕಿಟಕಿಯಾಚೆ ಬಸ್ಸಿನಿಂದ ಬ್ಯಾಗು ಇಳಿಸುತ್ತಿದ್ದ ಇನ್ನೊಂದು ತಂಡವೂ ಬಂತು. ಮತ್ತೆ ಮುಚ್ಚಳ ಇಟ್ಟರು. ಎಲ್ಲವೂ ಹೋಯಿತು. ಬೂದು ಕಂಬಳಿಯೊಂದನ್ನು ಯಾರೋ ಮುಖಕ್ಕೆ ಎಳೆದ ಹಾಗಿತ್ತು. ಕೆಳಗೆ ಒಂದು ಮೂಲೆಯಲ್ಲಿ ಮಾತ್ರ ಬೆಳಕಿನ ಸಣ್ಣ ಗೀರು. ಅವಳ ಕೈ ತಾನಾಗಿ ಮೇಲೆದ್ದು ಡಾಕ್ಟರಮ್ಮನ ಮಣಿಕಟ್ಟು ಹಿಡಿದುಕೊಂಡಿತು.

“ತೆಗೀರಿ,” ಎಂದಳು. “ತೆಗೀರಿ, ತೆಗೀರಿ.”

ಈ ಹುಡುಗಿ ಯಾರೆಂದು ಹೇಳದೆ ಮುಂದಕ್ಕೆ ಹೋದರೆ ಈ ಹೊಡೆತದ ತೂಕ ನಿಮಗೆ ತಿಳಿಯುವುದಿಲ್ಲ. ಇವಳು ಕಿಕ್‌ಬಾಕ್ಸರ್. ದೇಶ ದೇಶ ಸುತ್ತಿ ಗುದ್ದಿ, ಒದ್ದು, ಗೆದ್ದು ಬಂದವಳು. ಬೀಗ ತಯಾರಿಸುವ ಕಂಪನಿಯೊಂದು ಇವಳ ವಿಮಾನದ ಟಿಕೆಟ್ಟಿನಿಂದ ಹಿಡಿದು ಹಲ್ಲಿನ ಗಾರ್ಡಿನವರೆಗೆ ಎಲ್ಲ ಖರ್ಚನ್ನೂ ನೋಡಿಕೊಳ್ಳುತ್ತಿತ್ತು. ಅದಕ್ಕೆ ಪ್ರತಿಯಾಗಿ ಇವಳ ಚಡ್ಡಿಯ ಮೇಲೆ, ಟವೆಲ್ಲಿನ ಮೇಲೆ, ನೀರಿನ ಬಾಟಲಿಯ ಮೇಲೆ ಒಂದೊಂದು ಬೀಗದ ಚಿತ್ರ. ಕಂಪನಿಗೆ ಇವಳೇ ಯಾಕೆ ಬೇಕಾಯಿತು ಎಂದರೆ, ಇವಳ ಎಡಗಡೆ. ಎಂಥ ಘಟಾನುಘಟಿ ಬಂದರೂ ಇವಳ ಎಡಗಡೆಯಿಂದ ಒಂದು ಏಟು ಒಳಗೆ ನುಗ್ಗುತ್ತಿರಲಿಲ್ಲ. ಕತ್ತನ್ನು ಕೊಂಚ ಎಡಕ್ಕೆ ತಿರುಗಿಸಿ, ಎಡಗೈಯನ್ನು ಕೆನ್ನೆಗೆ ಅಂಟಿಸಿ, ಎದುರಾಳಿಯನ್ನು ಓರೆಯಾಗಿ ನೋಡುತ್ತಾ ನಿಲ್ಲುವುದು ಇವಳ ಭಂಗಿ. ಆ ಭಂಗಿಯಲ್ಲೇ ಒಂದು ಮನೆಬಾಗಿಲ ಮುಂದೆ ನಿಲ್ಲಿಸಿ ಕಂಪನಿ ಜಾಹೀರಾತು ಮಾಡಿತ್ತು. ಅಂದಿನಿಂದ ಜನ ಇವಳನ್ನು ಬೀಗ ಎಂದೇ ಕರೆದರು. “ಮದುವೆ ಮಾಡಿ ಬೀಗರನ್ನ ಮನೆಗೆ ಕರೀಬೇಕು ಅಂತಿದ್ದೆ, ಇವಳೇ ಬೀಗ ಆಗಿ ಕೂತಳು,” ಎಂದು ಅವಳಮ್ಮ ಸಿಕ್ಕವರಿಗೆಲ್ಲ ಹೇಳಿ, ಬಾಯಲ್ಲಿ ಬೈದು ಹೊಟ್ಟೆಯಲ್ಲಿ ಬೀಗುತ್ತಿದ್ದಳು.

ಆ ಎಡಗಡೆಯನ್ನು ಕಟ್ಟಿದವನು ಅಣ್ಣ. ಅಣ್ಣನೂ ಒಂದು ಕಾಲದಲ್ಲಿ ಆಡುತ್ತಿದ್ದವನೇ. ಮಂಡಿ ಮುರಿದುಕೊಂಡು, ಕೆಲಕಾಲ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿ, ಆಮೇಲೆ ಹಳೇ ಐಸ್ ಕಾರ್ಖಾನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಕಲಿಸತೊಡಗಿದ. ಗೋಡೆಯ ಮೇಲೆ ತುಕ್ಕು ಹಿಡಿದ ತಂಪಿನ ಪೈಪುಗಳು, ನೆಲದ ಮೇಲೆ ರಬ್ಬರ್ ಹಾಸು, ನಡುವೆ ಇವನ ಕೂಗು. ಪಂಕ್ಚರ್ ಹಾಕಿದ ಕೈಯಲ್ಲವೇ, ಎಲ್ಲಿ ಗಾಳಿ ಸೋರುತ್ತಿದೆ ಎಂದು ಹುಡುಕಿ ಅಲ್ಲೇ ಪಟ್ಟಿ ಹಾಕುವುದು ಅವನ ಗುಣ. ಒಂದು ಕಾಲದಲ್ಲಿ ತಂಗಿಗೆ ಎಡಗಡೆಯಿಂದ ಏಟು ಬೀಳಲು ಶುರುವಾಯಿತು. ಬಲಗಡೆಯಿಂದ ಬಂದದ್ದನ್ನು ನೊಣ ಓಡಿಸಿದಂತೆ ತಳ್ಳಿಹಾಕುವವಳು, ಎಡಗಡೆಯಿಂದ ಬಂದದ್ದಕ್ಕೆ ಮರದ ಗೊಂಬೆಯ ಹಾಗೆ ನಿಂತು ಮುಖ ಕೊಡುತ್ತಿದ್ದಳು.

“ನಿನ್ನ ಎಡಗೈಗೆ ಸೋಮಾರಿತನ ಬಂದಿದೆ,” ಎಂದು ಅಣ್ಣ ತೀರ್ಪು ಕೊಟ್ಟ.

ಹಾಗೆ ಹುಟ್ಟಿಕೊಂಡದ್ದು ಎಡಗಡೆಯ ರಿಪೇರಿ. ದಿನದ ಅಭ್ಯಾಸವೆಲ್ಲ ಮುಗಿದ ಮೇಲೆ ಅವಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುವುದು, ಎಡಗೈಯನ್ನು ಹಳೇ ಬೆಲ್ಟಿನಿಂದ ಕೆನ್ನೆಗೆ ಕಟ್ಟುವುದು, ಆಮೇಲೆ ದಪ್ಪ ಪ್ಯಾಡು ಹಾಕಿದ ಕೈಯಿಂದ ಎಡಗಡೆ ಕಣತಲೆಗೆ, ಹುಬ್ಬಿಗೆ, ಕಿವಿಗೆ ಬಾರಿಸುತ್ತಾ ಹೋಗುವುದು. ಮೊಣಕೈ ಎತ್ತಿ ತಡೆದರೆ ಸರಿ. ತಡೆಯದಿದ್ದರೆ ಬಿತ್ತು. “ಉಳಿಪೆಟ್ಟು ಬೀಳದೆ ಕಲ್ಲು ಮೂರ್ತಿ ಆಗಲ್ಲ,” ಎಂದು ಅಣ್ಣ ಹೇಳುತ್ತಿದ್ದ, ಹೇಳುತ್ತಲೇ ಬಾರಿಸುತ್ತಿದ್ದ. ಅವಳು ಬಿದ್ದಳು, ಎದ್ದಳು, ಅತ್ತಳು, ಬೈದಳು, ಕೊನೆಗೆ ಕಲಿತಳು. ಬರುವ ಏಟನ್ನು ನೋಡುವುದರ ಬದಲು ಎದುರಾಳಿಯ ಸೊಂಟ ತಿರುಗುವುದನ್ನು ನೋಡಿ ಊಹಿಸುವುದನ್ನು ಕಲಿತಳು. ಕತ್ತನ್ನು ಎಡಕ್ಕೆ ತಿರುಗಿಸಿ ಬಲಗಣ್ಣನ್ನು ನಡುವಿಗೆ ತಂದು ನಿಲ್ಲಿಸುವುದನ್ನು ಕಲಿತಳು. ಹಾಗೆ ಮಾಡುತ್ತಿದ್ದೇನೆ ಎಂದು ಅವಳಿಗೂ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಏಟು ತಪ್ಪಿತು, ಪದಕ ಬಂತು, ಬೀಗದ ಕಂಪನಿ ಬಂತು. ರಿಪೇರಿ ಗೆದ್ದಿತು ಎಂದು ಎಲ್ಲರೂ ನಂಬಿದರು.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ಕಾಯಿಸಿದರು. ಆಮೇಲೆ ನಿಜವಾಗಿಯೇ ಕೋಣೆಯ ಲೈಟು ಆರಿಸಿ, ತಮ್ಮ ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಮತ್ತೆ ಎಡಗಣ್ಣು. ಹೀಗೆ ಮತ್ತೆ ಮತ್ತೆ ನೋಡುವ ಡಾಕ್ಟರು ಯಾರಿಗೂ ಒಳ್ಳೆ ಸುದ್ದಿ ಹೇಳಿದ್ದಿಲ್ಲ.

“ಕಣ್ಣಿನ ಒಳಗಡೆ, ಹಿಂದಿನ ಗೋಡೆಗೆ ಒಂದು ತೆಳು ಪದರ ಅಂಟಿಕೊಂಡಿರುತ್ತೆ,” ಎಂದರು. “ನಾವು ನೋಡೋದೆಲ್ಲ ಅದರ ಮೇಲೇ ಬೀಳೋದು. ನಿನ್ನ ಎಡಗಣ್ಣಲ್ಲಿ ಅದು ಕಿತ್ತು ಬಂದಿದೆ ಮಗಳೇ. ಗೋಡೆ ಕಾಗದ ತೇವಕ್ಕೆ ಕಿತ್ತು ಜೋತು ಬೀಳುತ್ತಲ್ಲ, ಹಾಗೆ.”

“ಯಾವಾಗ? ಈಗ್ಲಾ?”

“ಈಗಲ್ಲ. ಹಳೇದು. ಶುರುವಾಗಿದ್ದು ಸ್ವಲ್ಪ ಸ್ವಲ್ಪವಾಗಿ ಇರ್ಬೇಕು. ಪೂರ್ತಿ ಕಿತ್ತು ಬಂದೇ ವರ್ಷದ ಮೇಲಾಗಿದೆ.”

ಅವಳು ನಕ್ಕಳು. ನಗು ಬರುವ ಹೊತ್ತಲ್ಲ, ಆದರೂ ಬಂತು. ವರ್ಷದ ಮೇಲೆ ಎಂದರೆ ಕಳೆದ ಸಲದ ಚಿನ್ನ ಒಂದೇ ಕಣ್ಣಲ್ಲಿ. ಅದಕ್ಕೂ ಹಿಂದಿನದು ಬಹುಶಃ ಒಂದೂವರೆ ಕಣ್ಣಲ್ಲಿ. ಜಾಹೀರಾತಿನಲ್ಲಿ ಕ್ಯಾಮೆರಾವನ್ನು ದುರುಗುಟ್ಟಿ ನೋಡಿದ್ದಳಲ್ಲ, ಅದೂ ಒಂದೇ ಕಣ್ಣಲ್ಲಿ.

“ನನ್ನ ಕಣ್ಣು ಹೋದ್ರೆ ನಂಗೆ ಗೊತ್ತಾಗಲ್ವಾ ಡಾಕ್ಟ್ರೇ?”

“ಎರಡೂ ತೆರೆದಿದ್ರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ನೋವಿರಲ್ಲ. ಒಂದು ಕಣ್ಣು ಇನ್ನೊಂದರ ಕೆಲಸಾನೂ ತಾನೇ ಮಾಡ್ಕೊಂಡು ಹೋಗುತ್ತೆ. ಒಂದೊಂದನ್ನೇ ಮುಚ್ಚಿ ನೋಡಿದ್ರೆ ಮಾತ್ರ ತಿಳಿಯೋದು. ಹಿಂದಿನ ಟೂರ್ನಮೆಂಟ್‌ಗಳಲ್ಲಿ ಯಾರೂ ಹಾಗೆ ನೋಡಿಲ್ವಾ?”

ನೋಡಿರಲಿಲ್ಲ. ಎಲ್ಲ ಕಡೆಯೂ ಎರಡು ಕಣ್ಣು ಬಿಟ್ಟು ಹಲಗೆ ಓದಿಸಿ, ಬೆನ್ನು ತಟ್ಟಿ, ಸೀಲು ಒತ್ತಿ ಕಳಿಸಿದ್ದರು. ಅವಳಿಗೆ ಈಗ ಒಂದೊಂದೇ ನೆನಪಾಗತೊಡಗಿತು. ಲೋಟದ ಪಕ್ಕಕ್ಕೆ ನೀರು ಬಗ್ಗಿಸಿ ಅತ್ತಿಗೆಯಿಂದ ಬೈಸಿಕೊಂಡದ್ದು. ಎಡಭುಜಕ್ಕೆ ಬಾಗಿಲ ಚೌಕಟ್ಟು ಬಡಿದು ಸದಾ ಇರುತ್ತಿದ್ದ ಕಂದು ಕಲೆ. ಎಡಗಡೆ ನಿಂತು ಕೈ ಚಾಚಿದವರನ್ನು ನೋಡದೆ ದಾಟಿ ಹೋದದ್ದಕ್ಕೆ, ಹೆಸರು ಬಂದ ಮೇಲೆ ಸೊಕ್ಕು ನೆತ್ತಿಗೇರಿದೆ ಎಂದು ಜನ ಆಡಿಕೊಂಡದ್ದು. ಆ ಮಾತಿಗೆ ಅವಳು ಒಂದು ದಿನ ಪೂರ್ತಿ ಅತ್ತಿದ್ದಳು. ಯಾವ ಕಣ್ಣಿಂದ ಅತ್ತೆನೋ, ಎಂದು ಈಗ ಅನ್ನಿಸಿತು.

“ಆಪರೇಷನ್?” ಎಂದ ಅಣ್ಣ. ಅವನ ನಗು ಯಾವಾಗಲೋ ಇಂಗಿತ್ತು.

“ಮಾಡ್ಬಹುದು. ಪದರಾನ ಮತ್ತೆ ಅಂಟಿಸ್ಬಹುದು. ಆದ್ರೆ ದೃಷ್ಟಿ ವಾಪಸ್ ಬರುತ್ತೆ ಅಂತ ನಾನು ಸುಳ್ಳು ಆಸೆ ಹುಟ್ಟಿಸಲ್ಲ. ತುಂಬ ತಡವಾಗಿದೆ. ಈಗ ನಾವು ಉಳಿಸ್ಕೋಬೇಕಾಗಿರೋದು ಬಲಗಣ್ಣು. ಅದರ ಅಂಚಲ್ಲೂ ಪದರ ತೆಳ್ಳಗಾಗಿದೆ. ಅದನ್ನ ಲೇಸರಲ್ಲಿ ಭದ್ರ ಮಾಡ್ಬಹುದು. ಏಟು ಮಾತ್ರ ಇನ್ನು ಒಂದೂ ಬೀಳ್ಬಾರ್ದು. ನಾಳೆ ಬೇಡ, ನಾಡಿದ್ದೂ ಬೇಡ, ಯಾವತ್ತೂ ಬೇಡ.”

ಆಮೇಲೆ ಅವರು ಕನ್ನಡಕ ಒರೆಸಿಕೊಳ್ಳುತ್ತಾ ಸಹಜವಾಗಿಯೇ ಕೇಳಿದರು: “ಎಡಗಡೆಗೇ ಯಾಕೆ ಇಷ್ಟು ಏಟು ಬಿದ್ದಿದೆ? ಬರೀ ಪಂದ್ಯದಲ್ಲಿ ಬಿದ್ದಿದ್ದಕ್ಕೆ ಇಷ್ಟು ಕೆಡೋದನ್ನ ನಾನು ಕಂಡಿಲ್ಲ.”

“ಪಂದ್ಯದಲ್ಲೇ ಮೇಡಂ,” ಎಂದ ಅಣ್ಣ. “ಎದುರಾಳಿಗಳೆಲ್ಲ ಮೊದಲಿಂದ ಎಡಗಡೇನೇ ಗುರಿ ಇಡ್ತಿದ್ರು. ನಾನು ಕಷ್ಟಪಟ್ಟು ಸರಿ ಮಾಡಿದೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ತಂಗಿಗೆ ಮೈ ಜುಮ್ಮೆಂದದ್ದು ಅದಕ್ಕೇ. ಸುಳ್ಳು ಹೇಳುವಾಗ ಅಣ್ಣನಿಗೆ ಕಿವಿ ಕೆಂಪಾಗುತ್ತದೆ, ಅದು ಮನೆಮಂದಿಗೆಲ್ಲ ಗೊತ್ತು. ಈಗ ಅವನ ಕಿವಿ ಇದ್ದ ಹಾಗೇ ಇತ್ತು. ಅವಳ ತಲೆಯೊಳಗೆ ಮಾತ್ರ ಪ್ಯಾಡಿನ ಸದ್ದು ಕೇಳಿಸತೊಡಗಿತ್ತು, ಧಪ್, ಧಪ್ ಎಂದು, ದಿನಾ ಸಂಜೆಯ ಹಾಗೆ.

ಕಾರಿಡಾರಿನಲ್ಲಿ ಸಾಲು ನಿಂತಿದ್ದವರ ನಡುವೆ ದಾರಿ ಬಿಡಿಸಿಕೊಂಡು ಇಬ್ಬರೂ ಒಂದು ಬೆಂಚಿಗೆ ಬಂದು ಕುಳಿತರು. ಅಣ್ಣನ ಮಂಡಿ ಕುಣಿಯುತ್ತಿತ್ತು.

“ಕೆಳಗಿನ ಕೋಣೇಲಿ ಇನ್ನೊಬ್ಬ ಡಾಕ್ಟರ್ ಇದಾರಂತೆ,” ಎಂದ ತಗ್ಗಿದ ದನಿಯಲ್ಲಿ. “ಎರಡನೇ ಅಭಿಪ್ರಾಯ ಕೇಳೋಕೆ ಸಂಜೆವರೆಗೂ ಅವಕಾಶ ಇದೆ. ಅವರು ಬರೀ ಬಿ.ಪಿ. ನೋಡಿ ಕಳಿಸ್ತಾರಂತೆ.”

ಅವಳು ಅಂಗೈಯಿಂದ ಬಲಗಣ್ಣು ಮುಚ್ಚಿ ನೋಡಿದಳು. ಅಣ್ಣ ಮುಂದುವರಿಸಿದ.

“ನಾಳೆ ಒಂದೇ ಒಂದು ಪಂದ್ಯ. ಹತ್ತಿ ಇಳಿದುಬಿಡು. ಆಮೇಲೆ ಬಿಟ್ಟುಬಿಡೋಣ, ದೇವರಾಣೆ ಬಿಟ್ಟುಬಿಡೋಣ. ನಾನು ಮೂಲೆಯಿಂದ ಕೂಗ್ತಾನೇ ಇರ್ತೀನಿ. ಎಡ ಅಂದಾಗ ಕೈ ಎತ್ತು. ಇಷ್ಟು ದಿನಾನೂ ಕೂಗಿದೀನಲ್ಲ?”

“ಇಷ್ಟು ದಿನ ಯಾಕೆ ಕೂಗ್ತಿದ್ದೆ?”

“ನೀನು ಎಡಗೈ ಇಳಿಸ್ತಿದ್ಯಲ್ಲ, ಅದಕ್ಕೆ.”

“ನಾನು ಇಳಿಸ್ತಿರ್ಲಿಲ್ಲ ಅಣ್ಣಾ. ನಂಗೆ ಕಾಣ್ತಿರ್ಲಿಲ್ಲ.”

ಮಂಡಿ ಕುಣಿಯುವುದು ನಿಂತಿತು. ಆದರೆ ಮಾತು ಕಿವಿಗೆ ಬಿದ್ದದ್ದೇ ತಲೆಗೆ ಇಳಿಯುತ್ತದೆಯೇ? ಅವನ ಕಣ್ಣ ಮುಂದೆ ಐಸ್ ಕಾರ್ಖಾನೆಯ ಮಹಡಿ ಇತ್ತು, ಅಲ್ಲಿ ಕಲಿಯುವ ಮಕ್ಕಳಿದ್ದರು, ಬಿಟ್ಟು ಬಂದ ಟೈರ್ ಅಂಗಡಿ ಇತ್ತು. ಬೀಗದ ಕಂಪನಿ ಕೈಬಿಟ್ಟರೆ ಅದೆಲ್ಲ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವ ಸಂಕಟ ಅವನದು. ಅವಳದು ಬೇರೆ. ಇದ್ದದ್ದು ಒಂದೇ ಕಣ್ಣು, ಅದನ್ನು ನಾಳೆ ರಿಂಗಿಗೆ ಹೊತ್ತು ಹತ್ತಬೇಕೋ ಬೇಡವೋ ಎಂಬುದು.

ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್ ಬಂದ. ಕತ್ತಿಗೆ ಗುರುತಿನ ಚೀಟಿ, ಕೈಯಲ್ಲಿ ಸುರುಳಿ ಸುತ್ತಿದ ಬ್ಯಾನರು, ಮುಖದ ತುಂಬ ಹಲ್ಲು. ನಾಳೆ ರಿಂಗಿಗೆ ಬರುವ ದಾರಿಯಲ್ಲಿ ಒಂದು ಉದ್ದನೆ ಬಾಗಿಲು ನಿಲ್ಲಿಸಿ, ಅದನ್ನು ತೆರೆದುಕೊಂಡು ಅವಳು ಬರುವ ಹಾಗೆ ವ್ಯವಸ್ಥೆ ಮಾಡಿದ್ದೇನೆ ಎಂದು ಉತ್ಸಾಹದಿಂದ ವರದಿ ಒಪ್ಪಿಸಿದ. ಅವಳು ಮಾತು ಮುಗಿಯುವ ತನಕ ಕಾದು, ವಿಷಯ ಹೇಳಿದಳು. ಬ್ಯಾನರು ಅವನ ಕೈಯಿಂದ ಜಾರಿ ಉರುಳಿಕೊಂಡು ಹೋಯಿತು. ಹೆಕ್ಕಿಕೊಳ್ಳಬೇಕು ಎಂದು ಅವನಿಗೆ ತೋಚಲಿಲ್ಲ.

“ಮೇಡಂ,” ಎಂದ, “ಕಂಪನಿ ಮಾತು ಹೇಳ್ಲಾ, ನನ್ನ ಮಾತು ಹೇಳ್ಲಾ?”

“ಎರಡೂ ಹೇಳಿ.”

“ರಿಂಗ್ ಹತ್ತಿ ಸೋತ್ರೆ ಕಂಪನಿಗೆ ಬೇಜಾರಿಲ್ಲ, ಒಪ್ಪಂದ ಮುಂದುವರಿಯುತ್ತೆ. ಹತ್ತದೇ ಹಿಂದೆ ಸರಿದ್ರೆ ಅಲ್ಲಿಗೆ ಮುಗೀತು. ಇದು ಕಂಪನಿ ಮಾತು.” ಅವನು ಅಣ್ಣನ ಕಡೆ ನೋಡಲಿಲ್ಲ. “ನೀವು ನನ್ನ ಒಡಹುಟ್ಟಿದ ತಂಗಿಯಾಗಿದ್ರೆ ಇಷ್ಟೊತ್ತಿಗೆ ಎತ್ತಿ ಬಸ್ಸಲ್ಲಿ ಕೂರಿಸ್ತಿದ್ದೆ. ಇದು ನನ್ನ ಮಾತು.”

ಅಣ್ಣನಿಗೆ ರೇಗಿತು. “ಒಡಹುಟ್ಟಿದವನು ಇಲ್ಲೇ ಕೂತಿದೀನಿ ಸ್ವಾಮಿ, ನಿಮ್ಮ ಉಪದೇಶ ಬೇಡ,” ಎಂದು ಎದ್ದ. “ಬಾ, ಮೊದಲು ಸ್ವಲ್ಪ ಮೈ ಬಿಸಿ ಮಾಡ್ಕೋ. ಭಯಕ್ಕೆ ಕೈಕಾಲು ತಣ್ಣಗಾಗಿದೆ ನಿಂಗೆ. ಬೆವರು ಬಂದ್ರೆ ತಲೆ ಓಡುತ್ತೆ. ಆಮೇಲೆ ಕೆಳಗಿನ ಡಾಕ್ಟರ್ ಹತ್ರ ಹೋಗೋಣ.”

ಅವಳು ಹಿಂದೆ ಹೋದಳು. ಯಾಕೆ ಹೋದೆ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡಿದ್ದುಂಟು. ಬಾಲ್ಯದಿಂದಲೂ ಅವನು ಬಾ ಎಂದರೆ ಹೋಗಿಯೇ ಅಭ್ಯಾಸ, ಬೇರೆ ಕಾರಣವಿರಲಿಲ್ಲ. ದಾರಿಯುದ್ದಕ್ಕೂ ಬಲಗಣ್ಣನ್ನು ಮುಚ್ಚುತ್ತಾ ತೆರೆಯುತ್ತಾ ನಡೆದಳು. ಮುಚ್ಚಿದರೆ ಅಣ್ಣ ಇಲ್ಲ, ಕಾರಿಡಾರಿಲ್ಲ, ತನ್ನ ಕೈಯೇ ಇಲ್ಲ. ತೆರೆದರೆ ಎಲ್ಲ ಇತ್ತು. ನಾಳೆ ಒಂದು ಏಟು ಬಲಗಡೆಯಿಂದ ಸರಿಯಾಗಿ ಬಿದ್ದರೆ, ಆಮೇಲೆ ತೆರೆದರೂ ಮುಚ್ಚಿದರೂ ಒಂದೇ.

ಅಭ್ಯಾಸದ ಹಾಲ್ ದೊಡ್ಡದು. ಎತ್ತರದ ಮಾಡು, ನೀಲಿ ಹಾಸು, ನೇತುಹಾಕಿದ ಚೀಲಗಳು, ಬೆವರು ಮತ್ತು ನೋವಿನ ಎಣ್ಣೆಯ ವಾಸನೆ. ಹತ್ತಾರು ದೇಶದ ಹುಡುಗಿಯರು ಹತ್ತಾರು ಭಾಷೆಯಲ್ಲಿ ಏದುಸಿರು ಬಿಡುತ್ತಿದ್ದರು. ಬಾಗಿಲು ದಾಟಿದ್ದೇ ತಡ, ಮೂಲೆಯಲ್ಲಿದ್ದ ಒಂದು ತಂಡ ಅವಳನ್ನು ಗುರುತಿಸಿ ಚಪ್ಪಾಳೆ ತಟ್ಟಿತು. ಅವರ ಕೋಚು, ಬಿಳಿಗೂದಲಿನ ಒಬ್ಬ ದಪ್ಪ ಮನುಷ್ಯ, ಓಡೋಡಿ ಬಂದು ಅಣ್ಣನ ಎರಡೂ ಕೈ ಹಿಡಿದು ಕುಲುಕಿದ. ಭಾಷೆ ಗೊತ್ತಿಲ್ಲ. ಫೋನು ತೆಗೆದು ತೋರಿಸಿದ. ಬೀಗದ ಕಂಪನಿ ಮಾಡಿದ ವಿಡಿಯೋ. ಜಾಹೀರಾತಿನ ಜೊತೆಗೆ ಹರಿಯಬಿಟ್ಟದ್ದು: ಐಸ್ ಕಾರ್ಖಾನೆಯ ಗೋಡೆ, ಗೋಡೆಗೆ ಬೆನ್ನು ಕೊಟ್ಟು ನಿಂತ ಇವಳು, ಪ್ಯಾಡು ಬಾರಿಸುತ್ತಿರುವ ಅಣ್ಣ. ಕೆಳಗೆ ನೋಡಿದವರ ಲೆಕ್ಕ ಲಕ್ಷಗಳಲ್ಲಿತ್ತು. ಬಿಳಿಗೂದಲಿನವನು ತನ್ನ ಎದೆ ತಟ್ಟಿಕೊಂಡು, ‘ನಾವೂ, ನಾವೂ’ ಎಂಬಂತೆ ಸನ್ನೆ ಮಾಡಿ ಹಿಂದಕ್ಕೆ ಕೈ ತೋರಿಸಿದ.

ಅಲ್ಲಿ, ಗೋಡೆಯುದ್ದಕ್ಕೂ, ಆರೇಳು ಹುಡುಗಿಯರು ಸಾಲಾಗಿ ಬೆನ್ನು ಕೊಟ್ಟು ನಿಂತಿದ್ದರು. ಎಲ್ಲರ ಎಡಗೈಯೂ ಪಟ್ಟಿಯಿಂದ ಕೆನ್ನೆಗೆ ಕಟ್ಟಿತ್ತು. ಬಿಳಿಗೂದಲಿನವನು ಅತಿಥಿಗೆ ಮನೆ ತೋರಿಸುವವನ ಹುಮ್ಮಸ್ಸಿನಲ್ಲಿ ಹೋಗಿ, ತುದಿಯಲ್ಲಿದ್ದ ಹುಡುಗಿಯ ಎಡಗಡೆಯ ಕಣತಲೆಗೆ ಪ್ಯಾಡಿನಿಂದ ಬಾರಿಸಿದ. ಧಪ್. ಅವಳು ತಡೆಯಲಿಲ್ಲ. ಇನ್ನೊಂದು. ಧಪ್. ತಲೆ ಗೋಡೆಗೆ ತಾಗಿ ವಾಪಸು ಬಂತು. ಹುಡುಗಿ ಕಣ್ಣು ಪಿಳಿಪಿಳಿ ಮಾಡಿ, ತುಟಿ ಕಚ್ಚಿ, ಬೀಗ ಎನಿಸಿಕೊಂಡವಳ ಕಡೆ ನೋಡಿ ನಾಚಿ ನಕ್ಕಳು. ಗುರುವಿನ ಮುಂದೆ ತಪ್ಪು ಮಾಡಿದ ಶಿಷ್ಯೆಯ ನಗು.

ತಂಗಿ ನೋಡಿದ್ದು ಆ ಹುಡುಗಿಯನ್ನಲ್ಲ, ಅಣ್ಣನನ್ನು. ಸಾವಿರ ಸಲ ತಾನೇ ಕೈಯಾರೆ ಮಾಡಿದ್ದನ್ನು ಅವನು ದೂರ ನಿಂತು ನೋಡಿದ್ದು ಅದೇ ಮೊದಲು. ಹೊಡೆಯುವವನಿಗೆ ಕಾಣುವುದು ಮೊಣಕೈ ಎದ್ದಿತೋ ಇಲ್ಲವೋ ಎಂಬುದು ಮಾತ್ರ. ನೋಡುವವನಿಗೆ ಮುಖ ಕಾಣುತ್ತದೆ. ಮೂರನೇ ಏಟು ಬಿದ್ದಾಗ ಅವನ ಮುಖದಿಂದ ರಕ್ತ ಇಳಿಯಿತು. ಗರ ಬಡಿದವನ ಹಾಗೆ ನಿಂತ.

“ನಿಲ್ಸಿ,” ಎಂದ ಕೊನೆಗೆ, ಗಂಟಲು ಹರಿದುಹೋಗುವ ಹಾಗೆ. “ನಿಲ್ಸ್ರೋ! ಕಣ್ಣು ಹೋಗುತ್ತೆ!”

ಬಿಳಿಗೂದಲಿನವನಿಗೆ ಏನು ಅರ್ಥವಾಗಬೇಕು? ಅಣ್ಣ ಓಡಿಹೋಗಿ ಪ್ಯಾಡನ್ನು ಅವನ ಕೈಯಿಂದ ಕಿತ್ತುಕೊಂಡ. ಹುಡುಗಿಯ ಕೆನ್ನೆಯ ಪಟ್ಟಿ ಬಿಚ್ಚಲು ಹೋದ, ಎಳೆದ ರಭಸಕ್ಕೆ ಗಂಟು ಇನ್ನಷ್ಟು ಬಿಗಿಯಾಯಿತು. ತನ್ನ ಎಡಗಣ್ಣನ್ನು ತಾನೇ ಬಡಿದುಕೊಂಡು, ತಂಗಿಯ ಕಡೆ ತೋರಿಸಿ, ಕೈ ಆಡಿಸಿ ‘ಇಲ್ಲ, ಇಲ್ಲ’ ಎಂದ. ಹಾಲ್‌ನಲ್ಲಿ ನಿಧಾನಕ್ಕೆ ಸದ್ದಡಗಿತು. ಬಿಳಿಗೂದಲಿನವನು ಒಮ್ಮೆ ಅಣ್ಣನನ್ನು, ಒಮ್ಮೆ ಅವಳ ಎಡಗಣ್ಣನ್ನು ನೋಡಿ, ತನ್ನ ಹುಡುಗಿಯರ ಕಡೆ ತಿರುಗಿ, ಅವರ ಪಟ್ಟಿಗಳನ್ನು ಒಂದೊಂದಾಗಿ ತಾನೇ ಬಿಚ್ಚತೊಡಗಿದ.

ಪ್ಯಾಡು ಹಿಡಿದು ನಿಂತಿದ್ದ ಅಣ್ಣನಿಗೆ ಆಗ ಇನ್ನೊಂದು ನೆನಪಾಯಿತು. ತಂಗಿಗೂ ಅದೇ ಕ್ಷಣಕ್ಕೆ ನೆನಪಾಗಿತ್ತು, ಮೊದಲು ಬಾಯಿ ಬಿಟ್ಟವನು ಅವನು.

“ಪುಟ್ಟಿ,” ಎಂದ.

ಪುಟ್ಟಿ ಅವನ ಮಗಳು. ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿಲ್ಲ. ಅತ್ತೆಯ ಹಾಗೆ ಆಗುತ್ತೇನೆ ಎಂದು ಹಟ ಹಿಡಿದು, ಹೋದ ವರ್ಷದಿಂದ ಅವಳೂ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಮರಿಬೀಗ ಎಂದು ಎಲ್ಲರೂ ಮುದ್ದು ಮಾಡುತ್ತಿದ್ದರು. ಅಪ್ಪ ಊರಲ್ಲಿ ಇಲ್ಲದಾಗ ಹಿರಿಯ ಶಿಷ್ಯರು ಅವಳ ಎಡಗಡೆಯನ್ನು ನೋಡಿಕೊಳ್ಳುತ್ತಿದ್ದರು.

ಅಣ್ಣ ಹಾಲ್‌ನಿಂದ ಹೊರಕ್ಕೆ ಓಡಿದ. ಮುರಿದ ಮಂಡಿಯ ಮನುಷ್ಯ ಹಾಗೆ ಓಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಫೋನು ಮಾಡಿದ. ಹಿಂದೆಯೇ ಬಂದ ತಂಗಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ಅತ್ತಿಗೆ ಎತ್ತಿದಳು. ಪುಟ್ಟಿ ಎಲ್ಲಿ ಎಂದು ಅವನು ಕೇಳಿದ.

“ಅವಳು ಕ್ಲಾಸಿಗೆ ಹೊರಟು ನಿಂತಿದಾಳೆ. ಏನ್ರೀ, ಯಾಕೆ ದನಿ ಹೀಗಿದೆ? ನಿಮ್ಮ ತಂಗಿಗೇನಾದ್ರೂ ಏಟು ಬಿತ್ತಾ?”

“ಕಳಿಸ್ಬೇಡ. ಯಾರನ್ನೂ ಗೋಡೆಗೆ ನಿಲ್ಲಿಸ್ಬೇಡಿ ಅಂತ ಅಲ್ಲಿಗೆ ಹೇಳಿಕಳ್ಸು. ಮೊದಲು ಪುಟ್ಟಿಗೆ ಕೊಡು. ಏನೂ ಕೇಳ್ಬೇಡ, ಕೊಡು.”

“ಅಪ್ಪಾ?”

“ಪುಟ್ಟಿ, ಕೈಯಿಂದ ಬಲಗಣ್ಣು ಮುಚ್ಕೋ. ಬಲಗಣ್ಣು ಅಂದ್ರೆ ಊಟ ಮಾಡೋ ಕೈ ಕಡೆದು. ಬೆರಳ ಸಂದೀಲಿ ನೋಡ್ಬಾರ್ದು. ಮುಚ್ಕೊಂಡ್ಯಾ?”

“ಹೂಂ. ಆಟಾನಾ?”

“ಹೂಂ, ಆಟ. ಏನು ಕಾಣ್ತಿದೆ ಹೇಳು.”

ಆ ಕಡೆಯಿಂದ ಸದ್ದಿಲ್ಲ. ಅಣ್ಣ ಗೋಡೆಗೆ ಕೈ ಕೊಟ್ಟು ಹಿಡಿದುಕೊಂಡ.

“ಎಲ್ಲಾ ಕಾಣ್ತಿದೆ,” ಎಂದಿತು ಮಗು. “ಯಾವುದನ್ನ ಹೇಳ್ಲಿ?”

“ಎಲ್ಲಾನೂ ಹೇಳು.”

“ಅಮ್ಮ ಕಾಣ್ತಿದಾಳೆ. ಅಮ್ಮನ ಕೈಯಲ್ಲಿ ಸೌಟು. ಮೇಜು, ಮೇಜಿನ ಮೇಲೆ ನನ್ನ ಪೆನ್ಸಿಲ್ ಡಬ್ಬಿ. ಕಿಟಕಿ. ಕಿಟಕಿ ಆಚೆ ಒಣಗಾಕಿರೋ ಬಟ್ಟೆ, ಅದ್ರಲ್ಲಿ ನಿನ್ನ ಹರಿದಿರೋ ಬನೀನು.”

“ಇನ್ನೂ?”

“ಗಡಿಯಾರ. ಕ್ಯಾಲೆಂಡರು. ಅದ್ರಲ್ಲಿರೋ ಹಡಗು. ಹಡಗಲ್ಲಿ ಸಣ್ಣ ಸಣ್ಣ ಜನ ನಿಂತಿದಾರೆ.”

“ಇನ್ನೂ ಹೇಳು ಮಗಳೇ, ಇನ್ನೂ ಹೇಳು,” ಎನ್ನುತ್ತಾ ಅಣ್ಣ ಬಿಕ್ಕತೊಡಗಿದ.

ತಂಗಿಗೆ ಸಮಾಧಾನವಾಯಿತು, ನಿಜ. ಮಗುವಿನ ಕಣ್ಣು ಉಳಿದಿದೆಯಲ್ಲ ಎಂದು ಕೈ ಮುಗಿಯಬೇಕು ಅನ್ನಿಸಿತು. ಆದರೆ ಅದರ ಬೆನ್ನಿಗೇ ಹೊಟ್ಟೆಯಲ್ಲಿ ಕೆಂಡದಂಥ ಕಿಚ್ಚು ಎದ್ದಿತು, ಮುದ್ದಿನ ಸೊಸೆಯ ಮೇಲೆ, ಆ ಹಡಗಿನ ಮೇಲೆ, ಹಡಗಿನ ಸಣ್ಣ ಸಣ್ಣ ಜನರ ಮೇಲೆ. ಒಂದು ಕಣ್ಣು ಮುಚ್ಚಿಕೊ, ಏನು ಕಾಣುತ್ತದೆ ಹೇಳು. ಇಷ್ಟೇ ಇಷ್ಟು ಮಾತು. ಮೊದಲ ಏಟು ತಪ್ಪಿಸಿಕೊಳ್ಳಲಾಗದೆ ಬಿದ್ದ ದಿನ ಇದನ್ನು ಯಾರಾದರೂ ತನಗೆ ಕೇಳಿದ್ದರೆ? ಯಾರೂ ಕೇಳಲಿಲ್ಲ. ಕೈಗೆ ಸೋಮಾರಿತನ ಎಂದರು, ಬೆಲ್ಟು ಬಿಗಿದರು. ತಾನೂ ಹೌದೆಂದು ನಂಬಿ, ದಿನಾ ಸಂಜೆ ತಾನಾಗಿ ಹೋಗಿ ಗೋಡೆಗೆ ನಿಂತಳು.

“ಅಪ್ಪಾ, ಆಟ ಮುಗೀತಾ? ಅತ್ತೆ ನಾಳೆ ಗೆಲ್ತಾಳಾ?”

ತಂಗಿ ಅಣ್ಣನ ಕೈಯಿಂದ ಫೋನು ತೆಗೆದುಕೊಂಡಳು.

“ಇಲ್ಲ ಪುಟ್ಟಿ. ನಾಳೆ ಆಡಲ್ಲ. ಇನ್ನು ಯಾವತ್ತೂ ಆಡಲ್ಲ. ನಂಗೆ ಎಡಗಣ್ಣು ಕಾಣಲ್ಲ ಕಂದಾ.”

ಬಾಯಿಬಿಟ್ಟು ಹಾಗೆಂದದ್ದು ಅದೇ ಮೊದಲು. ಹೇಳಿದ ಮೇಲೆ ಅದು ನಿಜವಾಯಿತು, ಡಾಕ್ಟರಮ್ಮ ಹೇಳಿದಾಗ ಆಗಿರದಷ್ಟು ನಿಜವಾಯಿತು. ಅವಳು ಮೆಟ್ಟಿಲ ಮೇಲೆ ಕುಳಿತಳು.

ಮಗು ಕೇಳಿತು: “ಅಪ್ಪನಿಗೆ ಗೊತ್ತಾ ಅತ್ತೆ?”

“ಈಗ ಗೊತ್ತಾಯ್ತು,” ಎಂದಳು.

ಫೋನು ಇಟ್ಟಳು. ಎಡಗಡೆಯಿಂದ ಅಣ್ಣ ಅಳುವುದು ಕೇಳಿಸುತ್ತಿತ್ತು. ಮೊದಲಾಗಿದ್ದರೆ ಕತ್ತು ತಾನಾಗಿ ಆ ಕಡೆಗೆ ತಿರುಗಿಬಿಡುತ್ತಿತ್ತು. ಈಗ ಅವಳು ತಿರುಗಿಸಲಿಲ್ಲ. ನೇರ ಮುಂದಕ್ಕೆ ನೋಡುತ್ತಾ ಕುಳಿತಳು.

“ಅಣ್ಣಾ, ಈ ಕಡೆ ಬಾ,” ಎಂದಳು. “ಅಲ್ಲಿ ನಿಂತ್ರೆ ನೀನು ನಂಗೆ ಕಾಣಲ್ಲ.”

ಅವನು ಕಣ್ಣೊರೆಸಿಕೊಂಡು, ಅವಳ ಮುಂದಿನಿಂದ ಹಾದು, ಬಲಗಡೆಗೆ ಬಂದು ಕುಳಿತ.